ಘಟ್ಟ ಹತ್ತುವ ಗಾಳಿ

ಈ ಸಲದ ಬೇಸಿಗೆ ರಜೆಗೆ ಊರಿಗೆ ಕಾರಿನಲ್ಲೇ ಹೋಗೋಣವೆಂದು ನಿಮ್ಮ ಮನೆಯಲ್ಲಿ ಮಾತು ನಡೆದಿದೆಯೇ? ಹಾಗಿದ್ದರೆ ಸ್ಟಿಯರಿಂಗ್ ಈ ಬಾರಿ ನಿಮ್ಮ ಕೈಗೆ ಬರುತ್ತದೆಂದೇ ತಿಳಿಯಿರಿ. ಅಪ್ಪನಿಗೆ ಸೊಂಟನೋವು, ಎದುರಿನ ದೀಪ ಕಣ್ಣಿಗೆ ಕುಕ್ಕುತ್ತದೆ, ಮೊದಲಿನಂತೆ ಹದಿನಾಲ್ಕು ಗಂಟೆ ಕುಳಿತು ಓಡಿಸಲು ಆಗುವುದಿಲ್ಲ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಇಷ್ಟು ವರ್ಷ ದಾರಿಯೆಂದರೆ ಹಿಂದಿನ ಸೀಟಿನ ನಿದ್ದೆ, ನಡುವೆ ಎಲ್ಲೋ ಒಂದು ವಡಾಪಾವ್, ಕಣ್ಣು ಬಿಟ್ಟಾಗ ಅಜ್ಜಿಯ ಅಂಗಳ. ಈಗ ಆ ದಾರಿಯನ್ನು ಎಚ್ಚರವಾಗಿದ್ದು ನೋಡುವ ಕಾಲ ಬಂದಿದೆ.

ಬನ್ನಿ, ಮುಂಬಯಿಯಿಂದ ಅಂಕೋಲೆಯವರೆಗೆ ಒಮ್ಮೆ ಜೊತೆಯಾಗಿ ಹೋಗಿಬರೋಣ. ಕೊಂಕಣದ ಕರಾವಳಿ ಹೆದ್ದಾರಿ ಇದೆಯಲ್ಲ ಎನ್ನಬೇಡಿ. ಅದು ನನಗೂ ಗೊತ್ತು. ಆದರೆ ಬೆಳಗಾವಿಯಲ್ಲಿ ಚಿಕ್ಕಮ್ಮನ ಮನೆ, ಧಾರವಾಡದಲ್ಲಿ ಪೇಡೆ, ಹುಬ್ಬಳ್ಳಿಯಲ್ಲಿ ಒಂದು ಮದುವೆ ಕರೆಯೋಲೆ ಹೀಗೆ ಏನಾದರೊಂದು ನೆಪದಿಂದ ನಮ್ಮಲ್ಲಿ ಅನೇಕರು ಘಟ್ಟದ ಮೇಲಿನ ದಾರಿಯನ್ನೇ ಹಿಡಿಯುತ್ತೇವೆ. ಏಳುನೂರು ಕಿಲೋಮೀಟರಿಗೂ ಹೆಚ್ಚಿನ ಈ ದಾರಿಯ ದೇವಸ್ಥಾನ, ಕೋಟೆ, ಖಾನಾವಳಿಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಈ ದಾರಿಯ ಗಾಳಿಯ ಬಗ್ಗೆ ಹೇಳಬೇಕೆಂದಿದ್ದೇನೆ. ನೀವು ಉಸಿರಾಡುವ ಗಾಳಿಯಲ್ಲ, ನಿಮ್ಮ ಕಾರು ಉಸಿರಾಡುವ ಗಾಳಿ.

ಏಕೆಂದರೆ ನಿಮ್ಮ ಮನೆಯ ಕಾರು ಹೊಸದಾದರೆ ಬಹುಶಃ ಅದರ ಬೆನ್ನಿನ ಮೇಲೆ 'ಟರ್ಬೊ' ಎಂದೋ, ಟಿ ಅಕ್ಷರವಿರುವ ಇನ್ನೇನೋ ಹೆಸರೋ ಇರುತ್ತದೆ. ನಮ್ಮ ಕಾಲದ ಪ್ರೀಮಿಯರ್ ಪದ್ಮಿನಿಗೆ 1089 ಸಿಸಿಯ ಇಂಜಿನ್ ಇತ್ತು, ಶಕ್ತಿ ಸುಮಾರು 40 ಅಶ್ವಶಕ್ತಿ. ಇಂದು ಅದಕ್ಕಿಂತ ಚಿಕ್ಕದಾದ ಒಂದು ಲೀಟರಿನ ಮೂರು ಸಿಲಿಂಡರಿನ ಇಂಜಿನ್ 100ರಿಂದ 120 ಅಶ್ವಶಕ್ತಿ ಕೊಡುತ್ತದೆ. ಈ ಹೆಚ್ಚುವರಿ ಬಲದ ಬಹುಪಾಲು ಬರುವುದು ಗಾಳಿಯಿಂದ. ಗಾಳಿ ಬಿಸಿಯಾದರೆ ಆ ಬಲದಲ್ಲೇ ಕಡಿತವಾಗುತ್ತದೆ.

ನಮ್ಮ ಹಳ್ಳಿಗಳ ಕಮ್ಮಾರಸಾಲೆಯಲ್ಲಿ ಕುಲುಮೆಯ ಪಕ್ಕ ತಿದಿ ಇರುತ್ತಿತ್ತು. ತಿದಿ ಒತ್ತಿದಷ್ಟೂ ಕೆಂಡ ಉರಿಯುತ್ತದೆ. ಟರ್ಬೊ ಎಂದರೆ ಇಂಜಿನ್ನಿನ ತಿದಿ. ಇದನ್ನು ಒತ್ತಲು ಬೇರೆ ಆಳು ಬೇಡ. ಇಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಅಮುಕಿ, ಸಿಲಿಂಡರಿಗೆ ತುಂಬುತ್ತದೆ. ಒಂದು ಕಿಲೊ ಪೆಟ್ರೋಲು ಚೆನ್ನಾಗಿ ಉರಿಯಲು ಸುಮಾರು ಹದಿನಾಲ್ಕು ಕಿಲೊ ಗಾಳಿ ಬೇಕು. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿಸಬಹುದು, ಲೆಕ್ಕ ಇಷ್ಟೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ.

ಆದರೆ ಗಾಳಿಯನ್ನು ಅಮುಕಿದರೆ ಅದು ಬಿಸಿಯಾಗುತ್ತದೆ. ಚಿಕ್ಕಂದಿನಲ್ಲಿ ಸೈಕಲ್ಲಿಗೆ ಪಂಪ್ ಹೊಡೆದವರಿಗೆ ಇದು ಗೊತ್ತು. ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಪಂಪಿನ ತುದಿ ಮುಟ್ಟಿದರೆ ಬೆರಳಿಗೆ ಬಿಸಿ ತಾಗುತ್ತದೆ. ಟರ್ಬೊದಲ್ಲಿ ಈ ಬಿಸಿ ಎಷ್ಟೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ಹೊರಗಿನ ಗಾಳಿ 40 ಡಿಗ್ರಿ ಸೆಲ್ಸಿಯಸ್, ಅದನ್ನು ಎರಡು ಪಟ್ಟು ಒತ್ತಡಕ್ಕೆ ಅಮುಕುತ್ತೇವೆ, ಟರ್ಬೊದ ದಕ್ಷತೆ ಶೇ. 70 ಎಂದಿಟ್ಟುಕೊಳ್ಳಿ. ಹೊರಬರುವ ಗಾಳಿ ಸುಮಾರು 138 ಡಿಗ್ರಿ! ಕುದಿಯುವ ನೀರಿಗಿಂತ ಬಿಸಿ. ಬಿಸಿಗಾಳಿ ಹಿಗ್ಗಿದ ಗಾಳಿ. ಸಿಲಿಂಡರು ತುಂಬಿದಂತೆ ಕಂಡರೂ ಒಳಗೆ ಇರುವ ಗಾಳಿಯ ತೂಕ ಕಡಿಮೆ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ.

ಆದ್ದರಿಂದಲೇ ಟರ್ಬೊಕ್ಕೂ ಇಂಜಿನ್ನಿಗೂ ನಡುವೆ ಇಂಟರ್‌ಕೂಲರ್ ಎಂಬ ಒಂದು ಜಾಲರಿಯನ್ನು ಇಟ್ಟಿರುತ್ತಾರೆ. ನೋಡಲು ರೇಡಿಯೇಟರಿನ ತಮ್ಮನಂತೆ ಇರುತ್ತದೆ. ಒಳಗೆ ಟರ್ಬೊದಿಂದ ಬಂದ ಬಿಸಿಗಾಳಿ, ಹೊರಗೆ ಮುಖಕ್ಕೆ ಬಡಿಯುವ ದಾರಿಯ ಗಾಳಿ. ಚೆನ್ನಾಗಿ ಕೆಲಸ ಮಾಡುವ ಇಂಟರ್‌ಕೂಲರು ಹೆಚ್ಚುವರಿ ಬಿಸಿಯ ಶೇ. 70ರಷ್ಟನ್ನು ಕಳೆದರೆ ನಮ್ಮ 138 ಡಿಗ್ರಿಯ ಗಾಳಿ ಸುಮಾರು 69ಕ್ಕೆ ಇಳಿಯುತ್ತದೆ. ಹಳೆಯ ಲಾರಿಗಳ ಮೇಲೆ 'ಟಿಸಿಐಸಿ' ಎಂದು ಬರೆದಿರುವುದನ್ನು ನೋಡಿದ್ದೀರಾ? ಟರ್ಬೊಚಾರ್ಜ್‌ಡ್ ಇಂಟರ್‌ಕೂಲ್ಡ್ ಎಂಬುದರ ಹ್ರಸ್ವರೂಪ ಅದು. ನಮ್ಮ ಲಾರಿ ಚಾಲಕರಿಗೆ ಈ ನಾಲ್ಕಕ್ಷರದ ಬೆಲೆ ಕಾರಿನವರಿಗಿಂತ ಎಷ್ಟೋ ಮೊದಲೇ ತಿಳಿದಿತ್ತು.

ಈಗ ಹೊರಡೋಣ. ಮೇ ತಿಂಗಳಿನಲ್ಲಿ ಮುಂಬಯಿಯ ಮುಂಜಾವಿನ ಗಾಳಿ ಸುಮಾರು 27 ಡಿಗ್ರಿ ಇರುತ್ತದೆ. ನಾಲ್ಕಕ್ಕೆ ಮನೆ ಬಿಟ್ಟರೆ ಬೆಳಕು ಹರಿಯುವ ಮೊದಲು ಪನವೇಲ್ ದಾಟಿ ಖೋಪೋಲಿಯ ಹತ್ತಿರ ಇರುತ್ತೀರಿ. ಅಲ್ಲಿಂದ ಭೋರ್ ಘಾಟ್, ನಮ್ಮ ಬಾಯಲ್ಲಿ ಖಂಡಾಲಾ ಘಾಟ್. ಸಮುದ್ರದ ಮಟ್ಟದಿಂದ ಅಷ್ಟೇನೂ ಎತ್ತರವಿಲ್ಲದ ಖೋಪೋಲಿಯಿಂದ ಆರುನೂರು ಮೀಟರಿಗೂ ಮೇಲಿರುವ ಲೋಣಾವಳಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಏರಬೇಕು. 1830ರ ಕಾಲದ ಅಮೃತಾಂಜನ್ ಸೇತುವೆ ಇಲ್ಲಿ ರಸ್ತೆಯ ಮೇಲೆ ಕಮಾನಿನಂತೆ ನಿಂತಿತ್ತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ದಿನಗಳಲ್ಲಿ, ಅದನ್ನು ಕೆಡವಿದರು. ಎಕ್ಸ್‌ಪ್ರೆಸ್‌ವೇ 2002ರಲ್ಲಿ ಪೂರ್ತಿಯಾಗುವ ಮೊದಲು ಈ ಘಾಟಿಯಲ್ಲಿ ಬೇಸಿಗೆಯ ನೋಟ ಹೇಗಿತ್ತೆಂದು ನಿಮ್ಮ ತಂದೆ ತಾಯಿಯರನ್ನೇ ಕೇಳಿ. ಬಾನೆಟ್ ಎತ್ತಿ ನಿಂತ ಪದ್ಮಿನಿ, ಅಂಬಾಸಡರುಗಳ ಸಾಲು, ರೇಡಿಯೇಟರಿನಿಂದ ಬುಸ್ಸೆಂದು ಏಳುವ ಹಬೆ, ಕೈಯಲ್ಲಿ ನೀರಿನ ಡಬ್ಬ, ಮುಚ್ಚಳ ತೆಗೆಯಲು ಒದ್ದೆ ಗೋಣಿಚೀಲ. ಅಂದಿನ ಕಾರಿಗೆ ಸೆಕೆಯಾದರೆ ಮುಚ್ಚುಮರೆ ಇರಲಿಲ್ಲ. ಊರಿಗೆಲ್ಲ ಗೊತ್ತಾಗುವಂತೆ ಕೂಗಿಕೊಳ್ಳುತ್ತಿತ್ತು.

ಇಂದಿನ ಕಾರು ಹಾಗಲ್ಲ. ಒಳಗೆ ಬರುವ ಗಾಳಿ ಎಷ್ಟು ಬಿಸಿಯಿದೆಯೆಂದು ಒಂದು ಸೆನ್ಸರ್ ಇಸಿಯುಗೆ, ಅಂದರೆ ಇಂಜಿನ್ನಿನ ಕಂಪ್ಯೂಟರಿಗೆ, ಸದಾ ವರದಿ ಒಪ್ಪಿಸುತ್ತಿರುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಬಿಸಿಗಾಳಿ ಹೋದರೆ ಸಿಲಿಂಡರಿನೊಳಗಿನ ಮಿಶ್ರಣ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳಬಹುದು. ಮೆಕ್ಯಾನಿಕ್ಕರು ನಾಕಿಂಗ್ ಎನ್ನುವುದು ಇದನ್ನೇ. ಜೋರಾಗಿ ಮುಂದುವರಿದರೆ ಪಿಸ್ಟನ್ನೇ ಹಾಳಾಗುತ್ತದೆ. ಹಾಗಾಗದಂತೆ ಕಂಪ್ಯೂಟರು ಕಿಡಿಯನ್ನು ತುಸು ತಡವಾಗಿ ಹೊತ್ತಿಸುತ್ತದೆ, ಟರ್ಬೊದ ಒತ್ತಡವನ್ನೂ ತಗ್ಗಿಸಬಹುದು. ಇಂಜಿನ್ ಉಳಿಯುತ್ತದೆ, ಬಲ ಕುಗ್ಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಹತ್ತುವುದಿಲ್ಲ! ನೀರಿನ ಮುಳ್ಳು ಮಧ್ಯದಲ್ಲೇ ತಣ್ಣಗೆ ಕುಳಿತಿರುತ್ತದೆ, ಏಕೆಂದರೆ ಅದು ತೋರಿಸುವುದು ಇಂಜಿನ್ನಿನ ನೀರಿನ ಬಿಸಿ, ಗಾಳಿಯ ಬಿಸಿಯಲ್ಲ. ಡೀಸೆಲ್ ಇಂಜಿನ್ನಿಗೆ ಈ ನಾಕಿಂಗ್ ಕಾಟವಿಲ್ಲ. ಆದರೆ ಗಾಳಿ ತೆಳುವಾದರೆ ಅದಕ್ಕೂ ಇಂಧನ ಕಡಿಮೆ ಮಾಡಬೇಕು, ಇಲ್ಲವಾದರೆ ಹೊಗೆ ಕಾರುತ್ತದೆ.

ಮುಂಜಾನೆ ಹೊರಟರೆ ಎಷ್ಟು ಲಾಭ? 27 ಡಿಗ್ರಿಯಲ್ಲಿ ಅದೇ ಲೆಕ್ಕ ಹಾಕಿದರೆ ಇಂಟರ್‌ಕೂಲರಿನ ನಂತರದ ಗಾಳಿ ಸುಮಾರು 55 ಡಿಗ್ರಿ. ಮಧ್ಯಾಹ್ನದ 69ಕ್ಕೆ ಹೋಲಿಸಿದರೆ ಗಾಳಿಯ ತೂಕ ಶೇ. 4ರಷ್ಟು ಹೆಚ್ಚು. ಇಷ್ಟೇನಾ ಎಂದು ನಗಬೇಡಿ. ಇದು ಕಾರು ಓಡುತ್ತಿರುವಾಗಿನ ಲೆಕ್ಕ. ರಜೆಯ ಶನಿವಾರ ಹತ್ತು ಗಂಟೆಗೆ ಹೊರಟವರು ಹನ್ನೊಂದೂವರೆಗೆ ಘಾಟಿಯಲ್ಲಿ ಲಾರಿಗಳ ನಡುವೆ ಆಮೆಯಂತೆ ತೆವಳುತ್ತಾರೆ. ಎದುರಿನಿಂದ ಗಾಳಿ ಬೀಸುವುದಿಲ್ಲ, ಫ್ಯಾನ್ ಎಳೆದಷ್ಟೇ. ಮುಂದಿನ ಲಾರಿಯ ಹೊಗೆ, ಕಾದ ಡಾಂಬರು, ನಿಮ್ಮದೇ ಏಸಿಯ ಕಂಡೆನ್ಸರ್ ಉಗುಳುವ ಬಿಸಿ ಇವೆಲ್ಲ ಸೇರಿ ಬಾನೆಟ್ಟಿನ ಮುಂದಿನ ಗಾಳಿ ಹವಾಮಾನ ವರದಿ ಹೇಳಿದ್ದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಅದರ ಮೇಲೆ ಕಿಡಿ ತಡವಾಗುವುದರಿಂದ ಆಗುವ ನಷ್ಟ ಬೇರೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಆರುನೂರು ಮೀಟರ್ ಏರು. ಶೇ. 4 ಎಂಬುದು ಎಲ್ಲಿಯೋ ಹೋಗಿ ಮುಟ್ಟುತ್ತದೆ.

ಘಾಟಿಯಲ್ಲಿ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಮುಂದಿನ ಲಾರಿಗೆ ಅಂಟಿಕೊಂಡು ಹೋಗಬೇಡಿ, ನಡುವೆ ಜಾಗ ಬಿಡಿ. ಅವನ ಬಿಸಿ ನಿಮ್ಮ ಮೂಗಿಗೆ ಬರುವುದು ಕಡಿಮೆಯಾಗುತ್ತದೆ, ಬ್ರೇಕಿಗೂ ಅವಕಾಶ ಸಿಗುತ್ತದೆ. ದೊಡ್ಡ ಗೇರಿನಲ್ಲಿ ಇಂಜಿನ್ ಗುರುಗುಟ್ಟುತ್ತಿರುವಾಗ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಬೇಡಿ. ಕಡಿಮೆ ಸುತ್ತಿನಲ್ಲಿ ಪೂರ್ತಿ ಒತ್ತಡ ಕೇಳಿದರೆ ಚಿಕ್ಕ ಟರ್ಬೊ ಪೆಟ್ರೋಲ್ ಇಂಜಿನ್ನಿಗೆ ಅದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಒಂದು ಗೇರು ಇಳಿಸಿ, ಇಂಜಿನ್ ಸರಾಗವಾಗಿ ಸುತ್ತಲಿ. ಏಸಿಯನ್ನು ಕಡಿದಾದ ಏರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ನಿಜಕ್ಕೂ ಅನುಕೂಲವಾಗುತ್ತದೆ. ಆದರೆ ಹಿಂದಿನ ಸೀಟಿನಲ್ಲಿ ಅಜ್ಜಿ ಕುಳಿತಿದ್ದರೆ ಆ ಪ್ರಯೋಗ ಬೇಡ. ಅಜ್ಜಿಯ ತಾಪಮಾನ ಮುಖ್ಯ.

ಪುಣೆಯ ಹೊರವರ್ತುಲದಲ್ಲಿ ಸಾಗುವಾಗ ಪಶ್ಚಿಮಕ್ಕೆ ಖಡಕ್‌ವಾಸ್ಲಾ ಅಣೆಕಟ್ಟಿದೆ. ನೀವು ಅಲ್ಲಿಗೆ ಪಿಕ್‌ನಿಕ್ಕಿಗೆ ಹೋಗಿರಬಹುದು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ್ದು ಇದೇ ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಅವರು ರೂಪಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು ಮೊದಲು ಅಳವಡಿಸಿದ್ದು 1903ರಲ್ಲಿ ಖಡಕ್‌ವಾಸ್ಲಾದಲ್ಲಿ. ನೀರು ಒಂದು ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದು ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ, ಯಾರೂ ಹೋಗಿ ತಿರುಗಿಸಬೇಕಿಲ್ಲ. ನಿಮ್ಮ ಟರ್ಬೊದಲ್ಲಿಯೂ ಅಂಥದೊಂದು ಬಾಗಿಲಿದೆ, ವೇಸ್ಟ್‌ಗೇಟ್ ಎನ್ನುತ್ತಾರೆ. ಒತ್ತಡ ಮಿತಿ ಮೀರಿದಾಗ ಅದು ತೆರೆದು ಹೊಗೆಯ ಒಂದು ಪಾಲನ್ನು ಚಕ್ರಕ್ಕೆ ತಾಗದಂತೆ ಬೇರೆ ದಾರಿಯಿಂದ ಕಳಿಸುತ್ತದೆ. ನೀರಿಗೆ ಮಾಡಿದ ಉಪಾಯವನ್ನೇ ಹೊಗೆಗೂ ಮಾಡಿದ್ದಾರೆ ಅನ್ನಿ. ಈ ಬಾಗಿಲನ್ನು ಬೇಗ ತೆರೆಸಿಯೇ ಕಂಪ್ಯೂಟರು ಸೆಕೆಯ ದಿನ ನಿಮ್ಮ ಒತ್ತಡವನ್ನು ಕಡಿಮೆ ಮಾಡುವುದು.

ಮುಂದೆ ಸಾತಾರಾ ಜಿಲ್ಲೆಯಲ್ಲಿ ಇನ್ನೊಂದು ಖಂಡಾಲಾ ಬರುತ್ತದೆ, ಗೊಂದಲ ಬೇಡ. ಅದರ ಬಳಿಯದು ಖಂಬಾಟಕಿ ಘಾಟ್. ಹಳೆಯ ಘಾಟಿಯ ರಸ್ತೆಯಲ್ಲಿ ಹೋಗುವವರಾದರೆ ಗಿಡ್ಡವಾದರೂ ಕಡಿದಾದ ಏರು. ಆ ಮೇಲೆ ಬಯಲು. ಸಾತಾರಾ, ಕರಾಡ, ಕೊಲ್ಲಾಪುರ. ನೇರವಾದ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಇಂಟರ್‌ಕೂಲರಿಗೆ ಹಬ್ಬ. ಬೇಕಾದಷ್ಟು ಗಾಳಿ, ಇಂಜಿನ್ನಿಗೆ ಅಷ್ಟೇನೂ ಭಾರವಿಲ್ಲ, ಟರ್ಬೊ ಅರೆನಿದ್ದೆಯಲ್ಲಿರುತ್ತದೆ. ಕರಾಡದಲ್ಲಿ ಕೊಯ್ನೆ ಕೃಷ್ಣೆಯನ್ನು ಸೇರುತ್ತಾಳೆ. ಮುಂದೆ ನಮ್ಮ ಬಾಗಲಕೋಟೆ, ವಿಜಯಪುರದ ಸೀಮೆಗೆ ಬರುವ ಅದೇ ಕೃಷ್ಣೆ. ಈ ಬಯಲಿನ ಪೂರ್ವಕ್ಕೆ ಕಿರ್ಲೋಸ್ಕರವಾಡಿ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರುಮಾಡಿ, 1910ರಲ್ಲಿ ಅಲ್ಲಿಗೆ ಹೋಗಿ ಕಾರ್ಖಾನೆ ಕಟ್ಟಿದರು. ಕೊಲ್ಲಾಪುರ, ಬೆಳಗಾವಿ ಎರಡೂ ಇಂದು ಎರಕದ ಕಾರ್ಖಾನೆಗಳ ಊರುಗಳು. ಗಡಿಯ ಜಗಳದಲ್ಲಿ ಮಾತ್ರ ಹೆಸರು ಕೇಳುವ ಈ ಸೀಮೆಯನ್ನು ನೀವು ಇಂಜಿನ್ನಿನ ಸೀಮೆಯೆಂದೂ ನೋಡಬಹುದು.

ಇಕ್ಕೆಲದಲ್ಲಿ ಕಬ್ಬು. ಈ ಕಬ್ಬಿಗೂ ನಮ್ಮ ವಿಷಯಕ್ಕೂ ಸಂಬಂಧವಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸುತ್ತಾರೆ. ಅದರಲ್ಲಿ ಒಂದು ದೊಡ್ಡ ಪಾಲು ಸಕ್ಕರೆ ಕಾರ್ಖಾನೆಗಳಿಂದ ಬರುವುದು. ಇದರಿಂದ ಮೈಲೇಜು ತುಸು ಕಡಿಮೆಯಾಗುತ್ತದೆಂಬ ದೂರು ನಿಜ. ಆದರೆ ಎಥನಾಲಿಗೆ ಒಂದು ಒಳ್ಳೆಯ ಗುಣವೂ ಇದೆ. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಹೆಚ್ಚು ಬಿಸಿಯನ್ನು ಹೀರುತ್ತದೆ. ಸ್ಪಿರಿಟ್ ಅಂಗೈಗೆ ಬಿದ್ದರೆ ತಣ್ಣಗಾಗುತ್ತದಲ್ಲ, ಹಾಗೆ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ ಇಂಜಿನ್ನುಗಳಲ್ಲಿ ಈ ತಂಪು ಬೇಕಾದ ಜಾಗದಲ್ಲೇ ಸಿಗುತ್ತದೆ, ನಾಕಿಂಗೂ ಕಡಿಮೆಯಾಗುತ್ತದೆ. ಗಾಳಿಯನ್ನು ಹೀಗೆ ದ್ರವದಿಂದ ತಂಪು ಮಾಡುವುದು ಹೊಸತೇನಲ್ಲ. 1962ರ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ನೀರು, ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆಯೇ ಟ್ಯಾಂಕಿತ್ತು. ಜನ ಅದನ್ನು ತುಂಬಿಸಲು ಮರೆಯುತ್ತಿದ್ದರು. ಹಳೆಯ ಕಾರು ಇದ್ದವರು ಮಾತ್ರ ಅದಕ್ಕೆ ಶೇ. 20ರ ಮಿಶ್ರಣ ಒಗ್ಗುತ್ತದೆಯೇ ಎಂದು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಕೊಲ್ಲಾಪುರದಲ್ಲಿ ಊಟಕ್ಕೆ ನಿಲ್ಲುತ್ತೀರಿ. ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಮುಗಿಸಿ ಅರ್ಧ ಗಂಟೆಯ ನಂತರ ಬಂದು ಕಾರು ಹತ್ತಿದಾಗ ಅದು ಮಂಕಾಗಿರುತ್ತದೆ. ಊಟ ಮಾಡಿದ್ದು ನೀವು, ತೂಕಡಿಕೆ ಕಾರಿಗೆ! ಕಾರಣ ಸರಳ. ಓಡುತ್ತಿದ್ದ ಇಂಜಿನ್ ನಿಂತ ಮೇಲೆ ಅದರ ಬಿಸಿಯೆಲ್ಲ ಬಾನೆಟ್ಟಿನ ಕೆಳಗೆ ಹರಡಿ ಕೊಳವೆ, ಇಂಟರ್‌ಕೂಲರ್, ಸೆನ್ಸರ್ ಎಲ್ಲವನ್ನೂ ಕಾಯಿಸಿಬಿಡುತ್ತದೆ. ಒಂದೆರಡು ಕಿಲೋಮೀಟರ್ ಸರಾಗವಾಗಿ ಓಡಿದರೆ ತಾನಾಗಿ ಸರಿಹೋಗುತ್ತದೆ. ಅದಕ್ಕೆ ಮೊದಲೇ ಹೆದ್ದಾರಿಗೆ ನುಗ್ಗಿ ಬಸ್ಸಿನ ಮುಂದೆ ಹೋಗಲು ಯತ್ನಿಸಬೇಡಿ.

ನಿಮ್ಮಂಥವರು ಮೊಬೈಲಿಗೆ ಜೋಡಿಸುವ ಓಬಿಡಿ ಯಂತ್ರವನ್ನು ಕೊಳ್ಳುತ್ತೀರೆಂದು ಬಲ್ಲೆ. ಕೊಳ್ಳಿ, ಹೆಚ್ಚು ಬೆಲೆಯಿಲ್ಲ. ಗಾಳಿಯ ತಾಪಮಾನ ತೆರೆಯ ಮೇಲೆ ಕಾಣುತ್ತದೆ. ಆದರೆ ಆ ಅಂಕಿ ಎಲ್ಲಿಯದೆಂದು ತಿಳಿದುಕೊಂಡು ನೋಡಿ. ಕೆಲವು ಕಾರುಗಳಲ್ಲಿ ಸೆನ್ಸರು ಇಂಟರ್‌ಕೂಲರಿನ ನಂತರ ಇರುತ್ತದೆ. ಅದು 60 ತೋರಿಸಿದರೆ ಇಂಜಿನ್ನಿಗೆ ಹೋಗುತ್ತಿರುವ ಗಾಳಿಯೇ 60. ಇನ್ನು ಕೆಲವುಗಳಲ್ಲಿ ಅದು ಏರ್ ಫಿಲ್ಟರಿನ ಪಕ್ಕ, ಟರ್ಬೊಕ್ಕಿಂತ ಮೊದಲೇ ಇರುತ್ತದೆ. ಅಲ್ಲಿ 60 ಎಂದರೆ ಕಥೆಯೇ ಬೇರೆ, ಟರ್ಬೊ ಕಾಯಿಸುವ ಮೊದಲೇ ಗಾಳಿ ಕಾದಿದೆ ಎಂದರ್ಥ. ಗೆಳೆಯನ ಕಾರಿನ ಅಂಕಿಗೂ ನಿಮ್ಮ ಕಾರಿನ ಅಂಕಿಗೂ ಹೋಲಿಸಿ ಜಗಳವಾಡುವ ಮೊದಲು ಇಷ್ಟು ತಿಳಿದಿರಲಿ. ಓಡಿಸುವಾಗ ಆ ತೆರೆಯನ್ನು ಪಕ್ಕದಲ್ಲಿ ಕುಳಿತ ತಂಗಿ ನೋಡಲಿ, ನೀವು ರಸ್ತೆ ನೋಡಿ.

ಕಾಗಲ್ ದಾಟಿ ಕೊಗನೊಳಿ ಬಂದೊಡನೆ ಕನ್ನಡ ಫಲಕಗಳು. ಇಷ್ಟು ಹೊತ್ತು ಮಲಗಿದ್ದ ಅಪ್ಪ ಇಲ್ಲಿ ಮಾತ್ರ ತಪ್ಪದೆ ಎಚ್ಚರವಾಗುತ್ತಾರೆ. ತಂಬಾಕಿನ ಊರು ನಿಪ್ಪಾಣಿ, ಅದರಾಚೆ ಜೈನರ ಕ್ಷೇತ್ರ ಸ್ತವನಿಧಿ, ಅಲ್ಲೇ ತವಂದಿ ಘಾಟ್. ಸಂಕೇಶ್ವರ ದಾಟಿ ಬೆಳಗಾವಿಗೆ ಬರುವಾಗ ನೀವು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದ್ದೀರಿ. ಸಂಜೆ ಗಾಳಿ ಹಿತವಾಗಿದೆ, ಕಾರಿಗೂ ಹಿತವೇ. ಆದರೆ ಗಾಳಿಯ ಒತ್ತಡ ಮುಂಬಯಿಗಿಂತ ಶೇ. 8ರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರು ಅಷ್ಟರಮಟ್ಟಿಗೆ ಸೊರಗುತ್ತದೆ. ಟರ್ಬೊ ಇದ್ದದ್ದು ಸೊರಗುವುದಿಲ್ಲ, ಹೆಚ್ಚು ವೇಗವಾಗಿ ತಿರುಗಿ ಕೊರತೆಯನ್ನು ತುಂಬಿಕೊಳ್ಳುತ್ತದೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತ ವಿಮಾನದ ಲಿಬರ್ಟಿ ಇಂಜಿನ್ನನ್ನು 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಸಾಗಿಸಿ ಲೋಕಕ್ಕೆ ತೋರಿಸಿದ್ದು ಇದನ್ನೇ. ತೆಳುಗಾಳಿಯಲ್ಲಿ ಸೋತಿದ್ದ ಇಂಜಿನ್ ಟರ್ಬೊ ಕೂಡಿದ ಮೇಲೆ ಸಮುದ್ರಮಟ್ಟದ ಬಲವನ್ನೇ ಕೊಟ್ಟಿತು. ಆದರೆ ಏನೂ ಪುಕ್ಕಟೆ ಸಿಗುವುದಿಲ್ಲ. ತೆಳುಗಾಳಿಯನ್ನು ಅದೇ ಒತ್ತಡಕ್ಕೆ ತರಲು ಹೆಚ್ಚು ಅಮುಕಬೇಕು, ಹೆಚ್ಚು ಅಮುಕಿದರೆ ಹೆಚ್ಚು ಬಿಸಿ. ಎತ್ತರದ ಬಾಡಿಗೆಯನ್ನು ಟರ್ಬೊ ಕಾರು ಕಟ್ಟುವುದು ಬಿಸಿಯ ರೂಪದಲ್ಲಿ.

ಬೆಳಗಾವಿಯಲ್ಲಿ ಒಂದು ರಾತ್ರಿ ಉಳಿಯುತ್ತೀರಿ ತಾನೆ? ಬೆಳಿಗ್ಗೆ ಕಾರಿನ ಮುಖ ತೊಳೆಯಿರಿ. ಐನೂರು ಕಿಲೋಮೀಟರಿನಲ್ಲಿ ಸತ್ತ ಹುಳು, ಕಬ್ಬಿನ ರವದಿ, ಪ್ಲಾಸ್ಟಿಕ್ ಚೂರು ಎಲ್ಲ ಜಾಲರಿಗೆ ಅಂಟಿರುತ್ತವೆ. ಸಾಧಾರಣ ಕೊಳವೆಯ ನೀರು ಸಾಕು. ಸರ್ವಿಸ್ ಸ್ಟೇಷನ್ನಿನ ಜೋರಾದ ನೀರನ್ನು ಹತ್ತಿರದಿಂದ ಹಿಡಿದರೆ ಇಂಟರ್‌ಕೂಲರಿನ ಎಳೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ಕೆಲವು ಕಾರುಗಳಲ್ಲಿ ಅದು ಮುಂದೆ ಕಾಣುವುದೇ ಇಲ್ಲ. ಹಳೆಯ ಮೂರು ಲೀಟರಿನ ಫಾರ್ಚ್ಯೂನರಿನಲ್ಲಿ ಅದು ಇಂಜಿನ್ನಿನ ತಲೆಯ ಮೇಲಿದೆ, ಬಾನೆಟ್ಟಿನ ಮೇಲಿನ ಗೂಡು ಅದಕ್ಕೆ ಗಾಳಿ ಕೊಡಲೆಂದೇ ಇಟ್ಟದ್ದು. ಇನ್ನು ಕೆಲವು ಚಿಕ್ಕ ಟರ್ಬೊ ಇಂಜಿನ್ನುಗಳಲ್ಲಿ ಗಾಳಿಯನ್ನು ತಂಪು ಮಾಡುವುದು ನೀರು. ಅಂಥವುಗಳಲ್ಲಿ ಆ ನೀರಿನ ಮಟ್ಟ ನೋಡಿಕೊಂಡರಾಯಿತು.

ಇಲ್ಲೇ ಒಂದು ಮಾತು. ಬಾನೆಟ್ಟಿನ ಮೇಲೆ ತೂತಿಲ್ಲದ ಪ್ಲಾಸ್ಟಿಕ್ ಗೂಡನ್ನು ಅಂಟಿಸಿಕೊಂಡವರನ್ನು ಕಂಡರೆ ನನಗೆ 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ' ಎಂಬ ಗಾದೆ ನೆನಪಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ತಂಪುಗಾಳಿಯ ಕಿಟ್ ಎಂದು ಮಾರುವ ತೆರೆದ ಫಿಲ್ಟರು. ಕಾರಿನ ಮೂಲ ಪೆಟ್ಟಿಗೆ ಮುಂಭಾಗದ ಕೊಳವೆಯಿಂದ ಹೊರಗಿನ ಗಾಳಿಯನ್ನು ತರುತ್ತದೆ. ಅದನ್ನು ಕಿತ್ತು ತೆರೆದ ಫಿಲ್ಟರು ಕೂರಿಸಿದರೆ ಅದು ಎಳೆಯುವುದು ಬಾನೆಟ್ಟಿನೊಳಗಿನ ಕಾದ ಗಾಳಿ. ಸದ್ದು ಗಮ್ಮತ್ತಾಗಿರುತ್ತದೆ, ಒಪ್ಪುತ್ತೇನೆ. ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಕಟ್ಟುವುದನ್ನು ಸರ್ಕಾರವೇ 2017ರ ಕೊನೆಗೆ ಬೇಡವೆಂದಿದೆ. ಹೆಚ್ಚುವರಿ ದೀಪಗಳ ಸಾಲನ್ನು ಜಾಲರಿಯ ಮುಂದೆ ಕೂರಿಸುವುದೂ ಅದರ ಉಸಿರು ಕಟ್ಟಿದ ಹಾಗೆಯೇ. ದುಡ್ಡಿದ್ದರೆ ಟರ್ಬೊದಿಂದ ಇಂಜಿನ್ನಿನವರೆಗಿನ ರಬ್ಬರ್ ಕೊಳವೆಗಳನ್ನು, ಕ್ಲಾಂಪುಗಳನ್ನು ಒಳ್ಳೆಯ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಿ. ಸಣ್ಣ ಸೋರಿಕೆಯಿದ್ದರೂ ಟರ್ಬೊ ಅದನ್ನು ತುಂಬಲು ಹೆಚ್ಚು ದುಡಿದು ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ.

ಧಾರವಾಡ, ಹುಬ್ಬಳ್ಳಿ, ಕಲಘಟಗಿ. ನಂತರ ಕಾಡು ಶುರು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ಹಿಂದೆ ಬಳ್ಳಾರಿ ಸೀಮೆಯ ಅದಿರು ಲಾರಿಗಳು ಬೇಲೆಕೇರಿ, ಕಾರವಾರದ ಕಡೆಗೆ ಸಾಲುಗಟ್ಟಿ ಇಳಿಯುತ್ತಿದ್ದ ಘಟ್ಟ ಇದು. ಆ ಕಾಲದಲ್ಲಿ ಇಲ್ಲಿ ಮರಗಳ ಎಲೆಯೂ ಕೆಂಪು. ಇಳಿಯುವಾಗ ಟರ್ಬೊಕ್ಕೆ ಕೆಲಸವಿಲ್ಲ, ಬಿಸಿಯಾಗುವುದು ಬ್ರೇಕು. ಚಿಕ್ಕ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಇಳಿಯಿರಿ. ಗಂಗಾವಳಿಯ ಸೀಮೆಗೆ ಬರುತ್ತಿದ್ದಂತೆ ಕಿಟಕಿಯಿಂದ ಉಪ್ಪುಗಾಳಿ, ಒದ್ದೆ ಸೆಕೆ. ಅಂಕೋಲೆ ಬಂತು.

ನಾನು ನಿಮಗೆ ನಿಜವಾಗಿ ಹೇಳಬೇಕಾದದ್ದು ಹಿಂದಿರುಗುವ ದಿನದ ಬಗ್ಗೆ. ಹೋಗುವಾಗ ಖಾಲಿಯಿದ್ದ ಡಿಕ್ಕಿಯಲ್ಲಿ ಈಗ ಹಲಸಿನಕಾಯಿ, ಕರಿಈಶಾಡ ಮಾವಿನ ಪೆಟ್ಟಿಗೆ, ಕೊಬ್ಬರಿಎಣ್ಣೆಯ ಡಬ್ಬ, ಅಕ್ಕಿ. ನೆಂಟರ ಮಾತು ಮುಗಿದು ಹೊರಡುವಾಗ ಹನ್ನೊಂದು. ಅರಬೈಲಿನ ಬುಡಕ್ಕೆ ನೆತ್ತಿಯ ಬಿಸಿಲಿನಲ್ಲಿ ಬರುತ್ತೀರಿ. ಕೆಲವು ವರ್ಷಗಳ ಹಿಂದೆ ಹೀಗೇ ಬರುವಾಗ ನನ್ನ ತಂಗಿಯ ಮಗ ಓಡಿಸುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಒಳ್ಳೆಯ ಚಾಲಕ, ಎಕ್ಸ್‌ಪ್ರೆಸ್‌ವೇಯಲ್ಲಿ ಅವನ ಕೈ ನೋಡಿ ಮೆಚ್ಚಿದ್ದೆ. ಇಲ್ಲಿ ಒಂದು ಲಾರಿಯ ಹಿಂದೆ ಹತ್ತಿಪ್ಪತ್ತು ನಿಮಿಷ ನಡಿಗೆಯ ವೇಗದಲ್ಲಿ ಹತ್ತಿದ ಮೇಲೆ ತಾಳ್ಮೆ ಮುಗಿಯಿತು. ಒಂದು ನೇರ ತುಂಡು ಸಿಕ್ಕಿತು, ಎದುರು ಖಾಲಿ. ಗೇರು ಇಳಿಸಿ ಹೊರಗೆ ತಂದು ಪೂರ್ತಿ ಒತ್ತಿದ. ಹಿಂದಿನ ವಾರ ಖಾಲಿ ಕಾರು ಹೇಗೆ ಚಿಮ್ಮಿತ್ತೋ ಅದೇ ಅವನ ಲೆಕ್ಕ. ಇಂಜಿನ್ ಸದ್ದು ಮಾಡಿತು, ಕಾರು ಚಿಮ್ಮಲಿಲ್ಲ. ಲಾರಿಯ ಅರ್ಧಕ್ಕೆ ಬಂದಾಗ ತಿರುವಿನಿಂದ ಬಸ್ಸು ಕಾಣಿಸಿತು. ಅವನು ಹಟ ಮಾಡದೆ ಬ್ರೇಕ್ ಹಾಕಿದ, ಲಾರಿಯವನೂ ಪುಣ್ಯಾತ್ಮ, ಎಡಕ್ಕೆ ಒತ್ತಿಕೊಂಡ. ನಾವು ಹಿಂದೆ ಸರಿದು ಸಾಲಿಗೆ ಸೇರಿದೆವು. ಹಿಂದಿನ ಸೀಟಿನಲ್ಲಿ ತಂಗಿ ಎಷ್ಟೋ ಹೊತ್ತು ಮಾತಾಡಲಿಲ್ಲ.

ಲೆಕ್ಕ ನೀವೇ ಮಾಡಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಲಾರಿ ದಾಟಲು ಒಂದೇ ಸೆಕೆಂಡು ಹೆಚ್ಚು ಬೇಕಾದರೂ ಎದುರಿನ ಬಸ್ಸೂ ಅದೇ ವೇಗದಲ್ಲಿದ್ದರೆ ನಿಮ್ಮಿಬ್ಬರ ನಡುವಿನ ದೂರ 34 ಮೀಟರಿನಷ್ಟು ಕರಗಿರುತ್ತದೆ. ಹಲಸಿನಕಾಯಿಯ ಭಾರ ನಿಮಗೆ ಗೊತ್ತಿರುತ್ತದೆ, ಎತ್ತಿ ಇಟ್ಟವರು ನೀವೇ. ಗಾಳಿ ಕಾದದ್ದು ಗೊತ್ತಿರುವುದಿಲ್ಲ. ಆದ್ದರಿಂದ ಘಟ್ಟದಲ್ಲಿ ಬಹಳ ಹೊತ್ತು ಲಾರಿಯ ಹಿಂದೆ ತೆವಳಿದ ಮೇಲೆ ಮೊದಲ ಅವಕಾಶಕ್ಕೇ ಹಾರಬೇಡಿ. ಸ್ವಲ್ಪ ಹಿಂದೆ ಉಳಿದು, ಅಂತರ ಬಿಟ್ಟು, ತಿರುವಿನ ಹೊರಗಿನ ಗಾಳಿ ಒಂದಿಷ್ಟು ಹೊಡೆಯಲಿ. ಅಗತ್ಯವಿಲ್ಲದಿದ್ದರೆ ದಾಟುವುದೇ ಬೇಡ. ಘಟ್ಟದ ಮೇಲೆ ರಸ್ತೆ ಅಗಲವಿದೆ, ಲಾರಿ ತಾನೇ ಪಕ್ಕಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು, ನೆಂಟರ ಮಾತನ್ನು ಹಿಂದಿನ ರಾತ್ರಿಯೇ ಮುಗಿಸಿಕೊಂಡು ಅಂಕೋಲೆಯಿಂದ ಬೆಳಿಗ್ಗೆ ಆರಕ್ಕೆ ಹೊರಡುವುದು. ಆ ಹೊತ್ತಿಗೆ ಅರಬೈಲಿನಲ್ಲಿ ಮಂಜು ಇನ್ನೂ ಮರಗಳ ಮೇಲಿರುತ್ತದೆ, ಕಾರು ಹಾಡಿಕೊಂಡು ಹತ್ತುತ್ತದೆ. ಯಲ್ಲಾಪುರಕ್ಕೆ ಬಂದು ತಿಂಡಿಗೆ ನಿಲ್ಲಿಸಿ. ಘಟ್ಟ ಹತ್ತಿದೊಡನೆ ಇಂಜಿನ್ ಬಂದ್ ಮಾಡಿದರೆ ಕೆಂಪಗೆ ಕಾದ ಟರ್ಬೊದೊಳಗೆ ಎಣ್ಣೆಯ ಹರಿವು ನಿಂತು ಅಲ್ಲೇ ಸುಟ್ಟು ಕರಿಗಟ್ಟುತ್ತದೆ. ಒಂದು ನಿಮಿಷ ಹಾಗೆಯೇ ಓಡಲು ಬಿಡಿ. ಅಷ್ಟರೊಳಗೆ ಅಮ್ಮ ಸೀಟಿನ ಕೆಳಗೆ ಚಪ್ಪಲಿ ಹುಡುಕಿಕೊಂಡು ಇಳಿದಿರುತ್ತಾರೆ, ಅಪ್ಪ ಒಳಗೆ ಹೋಗಿ ಬನ್ಸು, ಚಹಾ ಹೇಳಿರುತ್ತಾರೆ.